ಒರಿನೊ ಅಜ್ಜಿಯ ಹೆಸರು

ಮುರಾಕಾಮಿ ಪಟ್ಟಣ,
ಮಂಗಳವಾರ

ಪ್ರೀತಿಯ ಅಣ್ಣನಿಗೆ,

ಅಮ್ಮ ಆರೋಗ್ಯವಾಗಿದ್ದಾಳೆ. ಮಂಡಿನೋವು ಇದ್ದದ್ದೇ.

ಕಳೆದ ವಾರ ರೈಲು ನಿಲ್ದಾಣದ ಅಂಗಡಿಯಲ್ಲಿ ನಿಮ್ಮ ಕಂಪನಿಯ ಹೊಸ ಸಿಹಿಡಬ್ಬಿ ನೋಡಿದೆ. ಮೇಲೆ ‘ಒರಿನೊ’ ಎಂದು ನಮ್ಮ ಅಂಗಡಿಯದೇ ಹೆಸರು, ತೀರಿಹೋದ ಅಜ್ಜಿಯ ಹೆಸರು. ಪಕ್ಕದಲ್ಲಿ ವೃತ್ತದೊಳಗೊಂದು ಪುಟ್ಟ R. ಅಂದಿನಿಂದ ಸೋಯಾ ಸಾಸ್ ಬಾಟಲಿಯಲ್ಲೂ ಕೆಮ್ಮಿನ ಔಷಧದಲ್ಲೂ ಆ ಗುರುತೇ ಕಣ್ಣಿಗೆ ಬೀಳುತ್ತದೆ.

ನಿನ್ನೆ ನಿಮ್ಮ ಕಂಪನಿಯವರೊಬ್ಬರು ಬಂದಿದ್ದರು. ಮರ್ಯಾದಸ್ಥರು, ಬಗ್ಗಿ ಬಗ್ಗಿ ನಮಸ್ಕರಿಸಿದರು. ಆ ಹೆಸರು ಈಗ ಕಂಪನಿಯ ಟ್ರೇಡ್‌ಮಾರ್ಕ್, ಅದನ್ನು ಬರೆದಿರುವ ಅಂಗಡಿ ಬಾಗಿಲಿನ ಪರದೆ ಇಳಿಸಬೇಕು ಎಂದರು.

"ನಮ್ಮತ್ತೆ ಹೆಸರು ಕಣ್ರೀ ಅದು! ಇಟ್ಕೊಳ್ಳೋಕೆ ನಿಮ್ಮ ಅಪ್ಪಣೆ ಬೇಕಾ?" ಎಂದಳು ಅಮ್ಮ. "ನನ್ನ ಮಗ ನಿಮ್ಮಲ್ಲೇ ಇದ್ದಾನೆ. ಒಂದು ಮಾತು ಹೇಳಿದ್ರೆ ಸಾಕು, ಎಲ್ಲಾ ಸರಿಮಾಡ್ತಾನೆ."

ಅವರು ಮತ್ತೊಮ್ಮೆ ಬಗ್ಗಿ ನಮಸ್ಕರಿಸಿ ಹೊರಟರು. ಬೀದಿಯವರೆಗೆ ಬಿಡಲು ಹೋದಾಗ ನನಗೆ ಮಾತ್ರ ಹೇಳಿದರು: "ಆ ಹೆಸರು ಸೂಚಿಸಿದ್ದೇ ನಿಮ್ಮಣ್ಣ. ಮನೆಯವರೆಲ್ಲ ಒಪ್ಪಿದ್ದಾರೆ ಅಂದಿದ್ರು."

ಅಮ್ಮನಿಗೆ ಹೇಳಿಲ್ಲ. ಪರದೆಯನ್ನು ನಾನೇ ಇಳಿಸಿ, ಒಗೆಯಬೇಕಿತ್ತು ಎಂದೆ. ಅವಳು ಕಡುಬು ಕೊಳ್ಳಲು ಬಂದವರಿಗೆಲ್ಲ "ನನ್ನ ಮಗ ನೋಡ್ಕೋತಾನೆ ಬಿಡಿ" ಎನ್ನುತ್ತಿದ್ದಾಳೆ.

ಭಾನುವಾರ ಮೊದಲ ರೈಲಿಗೆ ಬಾ. ಫೋನ್ ಮಾಡಬೇಡ, ಅವಳೇ ಎತ್ತುತ್ತಾಳೆ. ಎದುರಿಗೆ ಕೂತು ನೀನೇ ಹೇಳು. ಅವಳು ನಿನ್ನನ್ನು ಹೊಗಳುವಾಗ ಹೂಂಗುಟ್ಟುವುದು ಇನ್ನು ನನ್ನಿಂದಾಗದು.

ನಿನ್ನ ತಂಗಿ,
ಚಿಗುಸಾ