ಮಾತ್ರೆ ಬಿಡುವ ಮುಂಚೆ

ಜೂನ್ ೧೪, ಮಂಗಳವಾರ ಬೆಳಿಗ್ಗೆ

ನನ್ನ ಮುದ್ದಿನ ಗುಬ್ಬಿಗೆ,

ನಿನ್ನ ಕಾಗದ ಬಂತು. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸಿನ ಹೊತ್ತು ಹೇಳುತ್ತಾ ಹೇಳುತ್ತಾ ನೀನು ಬಾಯಿ ತುಂಬ ಆಕಳಿಸಿದ್ದು, ಇಡೀ ನಿಲ್ದಾಣ ನಕ್ಕಿದ್ದು ಓದಿ ನನಗೂ ನಗು ಬಂತು, ಬೈಕೋಬೇಡ. ಆದರೆ ಬರುವ ಸೋಮವಾರದಿಂದ ಮನಸ್ಸಿನ ಮಾತ್ರೆ ಬಿಟ್ಟುಬಿಡುತ್ತೇನೆ ಅಂತ ಬರೆದಿದ್ದೀಯಲ್ಲ. ದಮ್ಮಯ್ಯ, ಹಾಗೆ ಮಾಡಬೇಡ.

ಶುರುಮಾಡಿ ಹತ್ತು ದಿನ ಆಯಿತಷ್ಟೆ. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ಆಕಳಿಕೆ, ಎಲ್ಲ ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ತಗ್ಗುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಬೇಡ. ಮೈಕಿನ ಪಕ್ಕ ನೀರಿಟ್ಟುಕೊ. ಅಷ್ಟಕ್ಕೂ ತಗ್ಗದಿದ್ದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳು. ಹೊತ್ತನ್ನೋ ಪ್ರಮಾಣವನ್ನೋ ಬದಲಿಸುತ್ತಾರೆ, ಬೇಕಾದರೆ ಮಾತ್ರೆಯನ್ನೇ ಬದಲಿಸುತ್ತಾರೆ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಅವರ ಹತ್ತಿರ ಓಡು. ನನಗೂ ಹೇಳು.

ನಿಮ್ಮಪ್ಪ ಫೋನಿನಲ್ಲಿ ಅಂದ ಮಾತು ನಿನ್ನನ್ನು ಕೊರೆಯುತ್ತಿದೆ ಅಂತ ನನಗೆ ಗೊತ್ತು. ಮನಸ್ಸು ಗಟ್ಟಿಯಿದ್ದರೆ ಮಾತ್ರೆ ಯಾಕೆ, ನಿಮ್ಮಮ್ಮನನ್ನು ನೋಡಿ ಕಲಿ ಅಂದರಲ್ಲ, ಪಕ್ಕದಲ್ಲೇ ಕೂತು ಗಿರಾಕಿಯ ಶರಟಿಗೆ ಗುಂಡಿ ಹೊಲಿಯುತ್ತಿದ್ದ ನಾನು ತುಟಿಪಿಟಕ್ಕೆನ್ನಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಯಾಕೆಂದರೆ ನಾನೂ ಅದೇ ಮಾತ್ರೆ ನುಂಗಿದವಳು ಕಣೇ.

ನೀನಾಗ ಏಳನೇ ಕ್ಲಾಸು. ಸ್ಕೂಲ್ ಯೂನಿಫಾರ್ಮಿನ ಹೊಲಿಗೆ ಕೈತುಂಬ ಇತ್ತು. ತೂಕಡಿಸಿಕೊಂಡು ಮಿಷನ್ ತುಳಿಯೋಕೆ ಆಗಲ್ಲ ಅಂತ, ಯಾರನ್ನೂ ಕೇಳದೆ ಮಾತ್ರೆ ಒಂದೇ ಸಲಕ್ಕೆ ನಿಲ್ಲಿಸಿದೆ. ಮೂರನೇ ದಿನಕ್ಕೆ ತಲೆ ಗಿರ್ರೆಂದು ಸುತ್ತು; ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಆ ಮಂಪರಿನಲ್ಲಿ ಬಟ್ಟೆ ಜೋಡಿಯಾಗಿ ಮಡಚದೆ ತೋಳು ಕತ್ತರಿಸಿದೆ. ಹನ್ನೆರಡು ಶರಟಿಗೆ ಇಪ್ಪತ್ನಾಲ್ಕೂ ಎಡತೋಳು. ಮಾತ್ರೆ ಮತ್ತೆ ಶುರುಮಾಡಬೇಕಾಯಿತು. ಮುಂದೆ ಬಿಡುವ ಕಾಲ ಬಂದಾಗ ಡಾಕ್ಟರೇ ತಿಂಗಳುಗಟ್ಟಲೆ ಚೂರು ಚೂರೇ ಇಳಿಸಿದರು, ಅಷ್ಟೇನೂ ಕಷ್ಟವಾಗಲಿಲ್ಲ.

ಅಂದು ನಾನು ಒಬ್ಬಳೇ ಒದ್ದಾಡಿದೆ. ನೀನು ಹಾಗೆ ಒದ್ದಾಡಬೇಡ. ಸೋಮವಾರ ರಜೆ ಹಾಕು, ನಾನು ಬರುತ್ತೇನೆ, ಇಬ್ಬರೂ ಹೋಗಿ ಡಾಕ್ಟರನ್ನು ಕಾಣೋಣ. ಅಲ್ಲಿಯವರೆಗೆ ದಿನದ ಮಾತ್ರೆ ತಪ್ಪಿಸಬೇಡ.

ಇಂತಿ, ನಿನ್ನ ದಾರಿ ಕಾಯುವ
ಅಮ್ಮ

ಮರೆತ ಮಾತು: ಆಗ ನಾನು ನುಂಗುತ್ತಿದ್ದದ್ದು ರಕ್ತ ಹೆಚ್ಚಿಸುವ ಮಾತ್ರೆ ಅಂತ ನಿಮ್ಮಪ್ಪನಿಗೆ ನಂಬಿಸಿದ್ದೆ. ಈ ಕಾಗದ ಅಂಚೆಗೆ ಹಾಕುವವರು ಅವರೇ. ಲಕೋಟೆ ಅಂಟಿಸದೆ ಕೈಗೆ ಕೊಡುತ್ತಿದ್ದೇನೆ. ಓದದೆ ಬಿಡುವ ಆಸಾಮಿಯಲ್ಲ. ಓದಲಿ.