ಎಡಗಡೆ ಕ್ಲಿಯರ್

ಮಾರ್ಚ್ 2, ಸೋಮವಾರ

ಬೆಳಿಗ್ಗೆ ಮೂರು ಡ್ರೈವಿಂಗ್ ಕ್ಲಾಸು. ಆರು ಗಂಟೆಯವರು ಎಂದಿನಂತೆ ತಡ. ಏಳಕ್ಕೆ ಬೇಕರಿಯವಳು. ಅವಳದು ಹತ್ತೊಂಬತ್ತನೇ ಕ್ಲಾಸು. ಕ್ಲಚ್ಚು ಕೊನೆಗೂ ಕಾಲಿಗೆ ಹತ್ತಿತಲ್ಲ ಎಂದು ಖುಷಿಯಲ್ಲಿದ್ದೆ. ಅದೇ ತಪ್ಪಾಯಿತು.

ಪೋಸ್ಟ್ ಆಫೀಸ್ ಹತ್ತಿರ ಎಡಕ್ಕೆ ತಿರುಗುವಾಗ ಸೈಕಲ್ಲಿನ ಅಜ್ಜನಿಗೆ ಕನ್ನಡಿ ತಗುಲಿತು. ಬಿದ್ದರು. ನನ್ನ ಕಾಲಡಿಯ ಬ್ರೇಕು ಒತ್ತುವಷ್ಟರಲ್ಲಿ ಆಗಿಹೋಗಿತ್ತು. ಮೊಣಕೈ ತರಚಿದೆ, ಪುಣ್ಯಕ್ಕೆ ಅಷ್ಟೇ.

ನಡುರಸ್ತೆಯಲ್ಲೇ ಬೈದೆ. ಅವಳು ಸ್ಟೀರಿಂಗ್ ಬಿಡದೆ, "ಎಡಗಡೆ ಕ್ಲಿಯರಾ ಅಂತ ನಿಮ್ಮನ್ನ ಕೇಳಿದ್ನಲ್ಲ ಮೇಡಂ. ನೀವೇ ಹೂಂ ಅಂದ್ರಿ" ಎಂದಳು.

ಅಂದಿದ್ದೆ. ಕ್ಲಿಯರ್ ಇತ್ತು, ಅದಕ್ಕೇ ಅಂದೆ. ಆಮೇಲೆ ಅಜ್ಜ ಎಲ್ಲಿಂದ ಉದುರಿದರೋ. ಕಾರು ಓಡಿಸುವವಳು ಅವಳು, ನೋಡಬೇಕಾದವಳು ಅವಳು. ಇಪ್ಪತ್ತಾರು ವರ್ಷದಲ್ಲಿ ನನ್ನ ಪಕ್ಕ ಕೂತವರು ಒಂದು ಕೋಳಿಗೂ ತಾಗಿಸಿದವರಲ್ಲ. ಮೊದಲ ದಿನವೇ ಎಲ್ಲರಿಗೂ ಹೇಳುತ್ತೇನೆ — ಕತ್ತು ತಿರುಗಿಸಬೇಡಿ, ಕಣ್ಣಂಚಲ್ಲಿ ನೋಡಿ, ದಾರಿ ತಪ್ಪುವುದಿಲ್ಲ. ಕೇಳಿಸಿಕೊಂಡರೆ ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅವಳ ಕ್ಲಾಸಿನ ಕಾರ್ಡಿನಲ್ಲಿ ಬರೆದು ಸಹಿ ಹಾಕಿದೆ: ಎಡಗಡೆ ಗಮನವಿಲ್ಲ. ಟೆಸ್ಟಿಗೆ ಕಳಿಸುವುದಿಲ್ಲ. ಲೈಸೆನ್ಸ್ ಬಂದರೆ ತಿಂಗಳ ಕೊನೆಗೆ ಬೇಕರಿಯ ವ್ಯಾನ್ ಇವಳ ಕೈಗಂತೆ, ಇಲ್ಲದಿದ್ದರೆ ಬೇರೆಯವರಿಗಂತೆ. ಇರಲಿ. ವ್ಯಾನ್ ಇನ್ನೂ ದೊಡ್ಡದು. ಇನ್ನೂ ದೊಡ್ಡ ಕನ್ನಡಿ.

ಮಾರ್ಚ್ 4, ಬುಧವಾರ

ಅಳಿಯಂದಿರ ಸವಾರಿ ಬಂತು. ಒಂದು ಸೀಟು, ಒಂದು ಸ್ಟೀರಿಂಗು, ಮೂರು ಪೆಡಲು, ಮೂರು ಮಾನಿಟರು, ಹಾವಿನ ಹುತ್ತದಷ್ಟು ವೈರು. ಮಗಳು ಏಳು ತಿಂಗಳ ಬಸುರಿ. ಅವರ ಮನೆಯಲ್ಲಿ ಇದನ್ನಿಟ್ಟಿದ್ದ ಕೋಣೆ ಈಗ ಹುಟ್ಟುವ ಮಗುವಿಗೆ ಬೇಕು. ಅದಕ್ಕೆ ಇವರ ರೇಸಿಂಗ್ ಆಟ ನನ್ನ ಹಾಲಿಗೆ. ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಊರೂರಿನವರ ಜೊತೆ ಕಾರು ಓಡಿಸುವುದಂತೆ. ಎರಡೇ ವಾರ ಅತ್ತೆ, ಅಂದರು. ಹಾಲಿನಲ್ಲಿದ್ದ ನಮ್ಮ ಯಜಮಾನರ ಫೋಟೋವನ್ನು ಅಡುಗೆಮನೆ ಗೋಡೆಗೆ ಸಾಗಿಸಿಯಾಯಿತು. ಬದುಕಿದ್ದಾಗ ಅಡುಗೆಮನೆಗೆ ಕಾಲಿಡದ ಮನುಷ್ಯ.

"ಬೇಜಾರಾದ್ರೆ ನೀವೂ ಓಡಿಸಿ ಅತ್ತೆ. ನಿಜವಾದ ಕಾರಿನ ಥರಾನೇ ಇರುತ್ತೆ."

ನಿಜವಾದ ಕಾರು ಹೇಗಿರುತ್ತದೆ ಎಂದು ನನಗೆ ಹೇಳುತ್ತಾರೆ.

ಮಾರ್ಚ್ 5, ಗುರುವಾರ. ಸಂಜೆ 4

ಧೂಳು ಒರೆಸಲು ಹೋದವಳು ಕೂತೆ. ಅಷ್ಟೇ.

ಮೊದಲ ತಿರುವಿನಲ್ಲೇ ಕಾರು ಬುಗುರಿ. ಎರಡನೇ ಸಲವೂ ಬುಗುರಿ. ಬ್ರೇಕು ಕಲ್ಲು — ಎಷ್ಟು ಕೆಳಗೆ ಹೋಯಿತು ಎಂದು ನೋಡುವುದಿಲ್ಲವಂತೆ, ಎಷ್ಟು ಜೋರಾಗಿ ಒತ್ತಿದಿರಿ ಎಂದು ನೋಡುತ್ತದಂತೆ. ಸ್ಟೀರಿಂಗು ನಮ್ಮ ಕೈಯನ್ನೇ ಜಗ್ಗುತ್ತದೆ. ಗೋಡೆಗೆ ಗುದ್ದಿದಾಗ ಮಣಿಕಟ್ಟು ಉಳುಕಿತು.

ಫೋನ್ ಮಾಡಿ ರೇಗಿದೆ. ಅಳಿಯಂದಿರು ಶಾಂತವಾಗಿ: ನೇರ ಇರುವಾಗಲೇ ಬ್ರೇಕ್ ಮುಗಿಸಿ. ತಿರುಗುತ್ತ ಮೆಲ್ಲಗೆ ಬಿಡಿ. ಬಾನೆಟ್ ನೋಡಬೇಡಿ, ಮುಂದಿನ ತಿರುವು ನೋಡಿ. ಹತ್ತು ಸುತ್ತು ತಪ್ಪಿಲ್ಲದೆ ಹೋಗುವವರೆಗೆ ರೇಸಿಗೆ ಇಳಿಯಬೇಡಿ. ಒಬ್ಬರೇ ಅಭ್ಯಾಸ ಮಾಡಿ.

ಅಂದರೆ ನಾನು ಹೊಸಬರಿಗೆ ಮೊದಲ ದಿನ ಹೇಳುವ ಪಾಠ. ನನ್ನ ಪಾಠ ನನಗೇ. ಮೈಯೆಲ್ಲ ಉರಿಯಿತು. ಆದರೆ ಮೂರು ಗಂಟೆಗೆ ನೇರ ಹೋಗಿ ಬ್ರೇಕ್ ಮುಗಿಸಿ ನೋಡಿದೆ. ಕಾರು ತಿರುಗಿತು.

ಮಾರ್ಚ್ 8, ಭಾನುವಾರ

ನಿನ್ನೆ ಹತ್ತು ಸುತ್ತು ಶುದ್ಧ. ಇವತ್ತು ಮೊದಲ ರೇಸು. ಹೊಸಬರ ವರ್ಗ, ಇಪ್ಪತ್ತು ಕಾರು. ನನ್ನ ಹೆಸರಿನ ಜಾಗದಲ್ಲಿ ಅಳಿಯಂದಿರು "ಅತ್ತೆ" ಎಂದು ಹಾಕಿದ್ದಾರೆ. ಕೊನೆಯಿಂದ ಹೊರಟೆ, ಅವರದೇ ಸಲಹೆ. ಮೊದಲ ತಿರುವಲ್ಲಿ ಮುಂದಿನ ಏಳು ಜನ ಗುದ್ದಾಡಿ ಬಿದ್ದರು. ನಾನು ಸಂದಿಯಲ್ಲಿ ನುಸುಳಿ ಬಂದೆ. ಹದಿನಾಲ್ಕನೇ ಸ್ಥಾನ. ನಿಜ ಹೇಳಬೇಕೆಂದರೆ — ಇಷ್ಟು ಸಂತೋಷವಾಗಿ ವರ್ಷಗಳಾದವು.

ಆದರೆ ಒಂದು ಅನ್ಯಾಯ. ಪ್ರತಿಯೊಬ್ಬರಿಗೂ ಸೇಫ್ಟಿ ಮಾರ್ಕು. ಒಂದು ಕಾರು ಇನ್ನೊಂದಕ್ಕೆ ತಾಗಿದರೆ ಇಬ್ಬರಿಗೂ ಕಳೆಯುತ್ತಾರೆ. ಯಾರ ತಪ್ಪು ಎಂದು ಮೆಷಿನ್ ಕೇಳುವುದೇ ಇಲ್ಲ. ಕೊನೆಯ ಸುತ್ತಿನಲ್ಲಿ ಯಾರೋ ಎಡಗಡೆಯಿಂದ ಬಂದು ಗುದ್ದಿದ, ನನಗೂ ಕಳೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾರ್ಚ್ 10, ಮಂಗಳವಾರ. ಮಧ್ಯಾಹ್ನ

ಎರಡು ರೇಸು. ಎರಡರಲ್ಲೂ ಗುದ್ದಿಸಿಕೊಂಡೆ. ಎರಡೂ ಎಡಗಡೆಯಿಂದ. ಏನು ಜನ. ಮುಂದೆ ಹೋಗಲು ಬಲಗಡೆ ಅಷ್ಟು ಜಾಗ ಬಿದ್ದಿದೆ, ಆದರೂ ಕಳ್ಳರ ಹಾಗೆ ಎಡದಿಂದಲೇ ಬರುತ್ತಾರೆ.

ಇದರ ಮೇಲೆ ಕಿವಿಯಲ್ಲಿ ಒಬ್ಬ. ಪಕ್ಕದಲ್ಲಿ ಕಾರು ಬಂದರೆ ಎಚ್ಚರಿಸಲು ಆಟದವರೇ ಇಟ್ಟ ದನಿ. "ಕಾರ್ ಲೆಫ್ಟ್, ಕಾರ್ ಲೆಫ್ಟ್" ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಾನೆ. ಕಣ್ಣಂಚಲ್ಲಿ ನೋಡುತ್ತೇನೆ — ಒಂದು ನರಪಿಳ್ಳೆಯೂ ಇಲ್ಲ. ಸುಳ್ಳುಬುರುಕ. ಇಲ್ಲದ ಕಾರನ್ನು ಇದೆ ಎನ್ನುವವನ ಮಾತು ಎಷ್ಟು ಸಲ ಕೇಳುವುದು. ಹುಡುಕಿ ಆಫ್ ಮಾಡಿದೆ. ಈಗ ನೆಮ್ಮದಿ.

ಮಾರ್ಚ್ 12, ಗುರುವಾರ

ಬೇಕರಿಯವಳು ಡ್ರೈವಿಂಗ್ ಸ್ಕೂಲಿಗೆ ಬಂದಿದ್ದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ, ತೋಳಿನ ತುಂಬ ಮೈದಾ. ಇಪ್ಪತ್ತನಾಲ್ಕಕ್ಕೆ ಟೆಸ್ಟ್ ಇದೆ, ಕಳಿಸಿಕೊಡಿ ಎಂದಳು. ಆಗುವುದಿಲ್ಲ ಎಂದೆ. ಓನರ್ ನಡುವೆ ಬಾಯಿ ಹಾಕಿ, ಹೋಗಲಿ ಬಿಡಿ ಮೇಡಂ, ಇನ್ನೊಬ್ಬ ಮೇಷ್ಟ್ರ ಕೈಲಿ ಸಹಿ ಹಾಕಿಸೋಣ ಎಂದರು. ನನ್ನ ಸಹಿಯ ಮೇಲೆ ಇನ್ನೊಬ್ಬರ ಸಹಿ ಬಿದ್ದರೆ ನಾಳೆಯಿಂದ ನಾನು ಬರುವುದಿಲ್ಲ ಎಂದೆ. ಕಾರ್ಡನ್ನು ನನ್ನ ಕಡೆಗೇ ಸರಿಸಿದರು.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಬಾಗಿಲ ಹತ್ತಿರ ನಿಂತು, "ನಾನು ಸುಳ್ಳು ಹೇಳಿಲ್ಲ ಮೇಡಂ" ಎಂದಳು. ಹೋದಳು.

ಸುಳ್ಳು ಹೇಳಿದಳು ಎಂದು ಯಾರು ಅಂದರು. ನೋಡಲಿಲ್ಲ ಎಂದೆ. ಎರಡಕ್ಕೂ ವ್ಯತ್ಯಾಸವಿದೆ.

ಮಾರ್ಚ್ 14, ಶನಿವಾರ

ಸೇಫ್ಟಿ ಮಾರ್ಕು ಪಾತಾಳಕ್ಕೆ. ಇನ್ನು ಮೇಲಿನ ವರ್ಗಕ್ಕೆ ಹೋಗುವ ಹಾಗಿಲ್ಲ. "ಅಪಾಯಕಾರಿ ಚಾಲಕ" ಎಂಬ ಅರ್ಥದ ಕೆಂಪು ಗುರುತು ಹೆಸರಿನ ಪಕ್ಕ. ನನಗೆ. ಸಾವಿರದ ಮೇಲೆ ಜನಕ್ಕೆ ಕಾರು ಕಲಿಸಿದವಳಿಗೆ.

ಇವತ್ತು ಒಂದು ನೀಲಿ ಕಾರು ಎಡಗಡೆಯಿಂದ ನುಗ್ಗಿ ನನ್ನನ್ನು ಹುಲ್ಲಿಗೆ ತಳ್ಳಿತು. ತಳ್ಳಿದ್ದಲ್ಲದೆ, ಪರದೆಯ ಮೂಲೆಯಲ್ಲಿ ಅವನ ಬರಹ — ಕಣ್ಣು ಕಾಣಲ್ವಾ ನಿಂಗೆ?

ಮರ್ಯಾದೆಗೆಟ್ಟವನು. ದೂರು ಕೊಡಲು ದಾರಿ ಇದೆ ಎಂದು ಗೊತ್ತಾಯಿತು. ರೇಸಿನ ವಿಡಿಯೋ ಸಮೇತ ಬರೆಯಬೇಕು, ತೀರ್ಪುಗಾರರು ನೋಡುತ್ತಾರೆ. ಅಳಿಯಂದಿರಿಗೆ ಫೋನಿನಲ್ಲಿ ಹೇಳಿ ಬರೆಸಿದೆ. ಇಪ್ಪತ್ತಾರು ವರ್ಷದ ಅನುಭವ ಎಂದೂ ಸೇರಿಸಿ ಎಂದೆ. ಅದು ಬೇಡ ಅತ್ತೆ ಎಂದರು. ಸೇರಿಸಿ ಎಂದೆ.

ಮಾರ್ಚ್ 17, ಮಂಗಳವಾರ. ಸಂಜೆ 5

ಎಲ್ಲ ಆ ಎಡಗಡೆ ಮಾನಿಟರಿನ ಕೆಲಸ. ನನಗೆ ಆಗಲೇ ಅನುಮಾನವಿತ್ತು. ಮಂಕು. ಕಾರು ಬಂದರೂ ತೋರಿಸುವುದಿಲ್ಲ. ಬೆಳಿಗ್ಗೆಯೇ ಅಳಿಯಂದಿರಿಗೆ ದಬಾಯಿಸಿದೆ — ಕೆಟ್ಟ ಮಾನಿಟರ್ ಕೊಟ್ಟು ನನ್ನ ಹೆಸರಿಗೆ ಮಸಿ ಬಳಿದಿರಿ ಎಂದು. ಮಧ್ಯಾಹ್ನ ರಜೆ ಹಾಕಿ ಬಂದರು. ಸ್ಕ್ರೂ ಡ್ರೈವರ್ ಹಿಡಿದು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರು. ಕೇಬಲ್ಲೂ ಬದಲಿಸಿದರು.

ರೇಸ್ ಮಾಡಿದೆ. ಮತ್ತೆ ಎಡಗಡೆಯಿಂದ ಗುದ್ದು.

"ಬಲಗಡೆ ಹೇಗೆ ಕಾಣ್ತಿದೆ ಅತ್ತೆ?"

ಚೆನ್ನಾಗಿ ಕಾಣುತ್ತಿದೆ, ಸ್ಫಟಿಕದ ಹಾಗೆ, ಎಂದೆ.

"ಅದೇ ಆ ಹಳೇ ಎಡಗಡೆ ಮಾನಿಟರು."

ಆಮೇಲೆ ಅಳಿಯಂದಿರು ಫೋನ್ ತೆಗೆದು ತೀರ್ಪುಗಾರರ ಉತ್ತರ ಓದಿದರು. ಭಾನುವಾರವೇ ಬಂದಿತ್ತಂತೆ, ಹೇಳಲು ಧೈರ್ಯ ಬರಲಿಲ್ಲವಂತೆ. ನೀಲಿ ಕಾರಿನದು ತಪ್ಪಿಲ್ಲ. ದಯವಿಟ್ಟು ಅದರ ಕಡೆಯಿಂದ ರಿಪ್ಲೇ ನೋಡಿ.

ನೋಡಿದೆವು. ನೀಲಿ ಕಾರು ನನ್ನ ಎಡಕ್ಕೆ ಬಾಗಿಲಿಗೆ ಬಾಗಿಲು ಬರುತ್ತಿದೆ. ಒಂದು, ಎರಡು... ಆರು ಸೆಕೆಂಡು. ತನ್ನ ಜಾಗದಲ್ಲೇ ಇದೆ. ಅದರ ಮೇಲೆ ಹೋಗಿ ಬಿದ್ದದ್ದು ನನ್ನ ಕಾರು.

ಅಳಿಯಂದಿರು ಹೋದ ಮೇಲೆ ಅದೇ ಸೀಟಿನಲ್ಲಿ ಕೂತೆ. ನಡುವಿನ ಮಾನಿಟರಿನ ಮೇಲೆ ಕಣ್ಣಿಟ್ಟು, ಧೂಳು ಒರೆಸುವ ಹಳದಿ ಬಟ್ಟೆಯನ್ನು ಬಲಗಿವಿಯ ಹತ್ತಿರ ಹಿಡಿದೆ. ಕಂಡಿತು. ಎಡಗಿವಿಯ ಹತ್ತಿರ ಹಿಡಿದೆ. ಇಲ್ಲ. ಕೆನ್ನೆಯ ನೇರಕ್ಕೆ ತಂದೆ. ಇಲ್ಲ. ಮೂಗಿನ ಹತ್ತಿರಕ್ಕೆ ಬಂದಾಗ ಎಲ್ಲಿಂದಲೋ ಉದುರಿದ ಹಾಗೆ ಬಂತು.

ಆ ಅಜ್ಜನೂ ಹೀಗೇ ಬಂದರು.

ಮಾರ್ಚ್ 20, ಶುಕ್ರವಾರ

ಕಣ್ಣಿನ ಆಸ್ಪತ್ರೆ. ಒಂದು ಬಟ್ಟಲಿನೊಳಗೆ ಮುಖ ಇಡಿಸಿದರು. ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಬೇಕು. ಇನ್ನೊಂದು ಆಟ. ಬಹಳ ಹೊತ್ತು ಒತ್ತಲು ಏನೂ ಬರಲೇ ಇಲ್ಲ. ಮೆಷಿನ್ ನಿಂತಿದೆಯಾ ಎಂದು ಕೇಳಿದೆ. ನಡೀತಿದೆ ಅಮ್ಮ, ಎಂದಳು ಆ ಹುಡುಗಿ.

ಗ್ಲಾಕೋಮಾ, ಕಣ್ಣಿನ ನರ ಒಣಗುವ ರೋಗ. ಎರಡೂ ಕಣ್ಣಿಗೆ, ಎಡಬದಿ ಹೆಚ್ಚು ಹೋಗಿದೆ. ಎರಡು ಮೂರು ವರ್ಷವಾದರೂ ಆಗಿರಬೇಕು ಎಂದರು ಡಾಕ್ಟರು. ನೋವಿಲ್ಲ, ಕತ್ತಲೆಯೂ ಕಾಣುವುದಿಲ್ಲ. ಇಲ್ಲದ ಕಡೆ ಏನೂ ಇಲ್ಲ ಎಂದು ಮನಸ್ಸೇ ತುಂಬಿಕೊಳ್ಳುತ್ತದಂತೆ. ಹೋದದ್ದು ಬರುವುದಿಲ್ಲ. ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು. ಕಾರು ಓಡಿಸುವಂತಿಲ್ಲ. ಪಕ್ಕದ ಸೀಟೂ ಬೇಡ. ನಡೆಯುವಾಗಲೂ ಕತ್ತು ತಿರುಗಿಸಿ ನೋಡಿ, ಕಣ್ಣಂಚನ್ನು ನಂಬಬೇಡಿ ಎಂದರು.

ಸಿಟ್ಟು ಬಂತು. ಮೂರು ವರ್ಷ ಕಣ್ಣು ತಿಂದರೂ ಒಂದು ಮಾತು ಹೇಳದ ಈ ಹಾಳು ರೋಗದ ಮೇಲೆ. ಹೇಳಿದವರು ಎಷ್ಟು ಜನರಿದ್ದರು — ಕಿವಿಯಲ್ಲಿದ್ದ ಆ ದನಿ, ನೀಲಿ ಕಾರಿನವನು, ಬೇಕರಿಯವಳು. ಒಬ್ಬನನ್ನು ಆಫ್ ಮಾಡಿದೆ, ಒಬ್ಬನ ಮೇಲೆ ದೂರು ಕೊಟ್ಟೆ, ಒಬ್ಬಳ ಕಾರ್ಡಿನಲ್ಲಿ ಬರೆದೆ. ಕುಣಿಯಲಾರದವಳು ನಾನೇ.

ಸ್ಕೂಲಿಗೆ ಹೋಗಿ ಕಾರಿನ ಕೀ ಓನರ್ ಮೇಜಿನ ಮೇಲಿಟ್ಟೆ. ಕೂತುಕೊಳ್ಳಿ ಮೇಡಂ ಎಂದರು. ಕೂತರೆ ಅಳು ಬರುತ್ತಿತ್ತು, ಕೂರಲಿಲ್ಲ.

ಮಾರ್ಚ್ 21, ಶನಿವಾರ

ಬೇಕರಿಗೆ ಹೋದೆ. ಹಿಂದಿನ ಬಾಗಿಲಲ್ಲಿ ತಟ್ಟೆ ತೊಳೆಯುತ್ತಿದ್ದಳು. ಕಾರ್ಡು ತೋರಿಸಿದೆ — ಹಳೆಯ ಸಾಲು ಹೊಡೆದುಹಾಕಿ ಕೆಳಗೆ ಬರೆದದ್ದು: ಕಲಿಸುವವಳದೇ ತಪ್ಪು. ಟೆಸ್ಟಿಗೆ ಸಿದ್ಧಳಿದ್ದಾಳೆ. ಬಾಯಲ್ಲೂ ಹೇಳಿದೆ. ನನಗೆ ಎಡಗಡೆ ಕಾಣುವುದಿಲ್ಲ, ನೀನು ಕೇಳಿದಾಗ ಕಾಣದೆಯೇ ಹೂಂ ಅಂದೆ, ತಪ್ಪಾಯಿತು.

ಅಯ್ಯೋ ಪರವಾಗಿಲ್ಲ ಮೇಡಂ ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಕೈ ಒರೆಸಿಕೊಂಡಳು.

"ಆ ಅಜ್ಜನ ಮನೆಗೆ ದಿನಾ ಹೋಗಿ ಮುಲಾಮು ಹಚ್ಚಿದೀನಿ ಮೇಡಂ. ದಿನಾ ತಪ್ಪಾಯ್ತು ಅಂದಿದೀನಿ. ನಾನೇ ನೋಡಿಲ್ಲ ಅಂತ ನಂಗೇ ನಂಬಿಕೆ ಬಂದ್ಬಿಟ್ಟಿತ್ತು."

ಅಜ್ಜನ ಮನೆ ಯಾವುದು ಎಂದು ಕೇಳಿದೆ. ಓಣಿಯ ಕೊನೆ, ಹಸಿರು ಬಾಗಿಲು. ಅಲ್ಲಿಂದ ನೇರ ಹೋದೆ. ಅಜ್ಜನ ಮೊಣಕೈ ವಾಸಿಯಾಗಿದೆ. ಎಲ್ಲ ಕೇಳಿ, ಅವರು ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಾಪ ಆ ಹುಡುಗಿ, ಎಂದರು.

ಮಾರ್ಚ್ 22, ಭಾನುವಾರ

ಅಳಿಯಂದಿರು ಆಟದ ಸಾಮಾನು ಒಯ್ಯಲು ಬಂದರು. ಇರಲಿ ಬಿಡಿ ಎಂದೆ. ಕಿವಿಯ ದನಿಯನ್ನು ಮತ್ತೆ ಹಾಕಿಸಿಕೊಂಡೆ. ಕಾರ್ ಲೆಫ್ಟ್ ಎಂದಾಗೆಲ್ಲ ಕತ್ತು ತಿರುಗಿಸಿದೆ, ದಾರಿ ಬಿಟ್ಟೆ. ಇದ್ದವು. ಪ್ರತಿ ಸಲವೂ ಇದ್ದವು. ಇಪ್ಪತ್ತರಲ್ಲಿ ಹತ್ತೊಂಬತ್ತನೇ ಸ್ಥಾನ, ಒಂದಕ್ಕೂ ತಾಗಿಲ್ಲ. ಇಷ್ಟಕ್ಕೆ ಕೊಟ್ಟ ಸೇಫ್ಟಿ ಮಾರ್ಕು ಚಿಟಿಕೆಯಷ್ಟು. ಕಳೆಯುವಾಗ ಹಿಡಿ ಹಿಡಿ ಕಳೆದಿದ್ದರು.

ಸಾವಿರ ಜನಕ್ಕೆ ಹೇಳಿದ್ದೇನೆ, ಕತ್ತು ತಿರುಗಿಸಬೇಡಿ ಎಂದು.

ಮಾರ್ಚ್ 24, ಮಂಗಳವಾರ. ಬೆಳಿಗ್ಗೆ 9:40

ಟೆಸ್ಟ್ ಮೈದಾನ, ಬೇಲಿಯ ಹೊರಗಿನ ಬೆಂಚು. ಆಟೋದಲ್ಲಿ ಬಂದೆ. ಬರಬೇಡಿ ಎಂದೂ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ ಅವಳು. ಕಣ್ಣಂಚಿನ ಪಾಠ ಮರೆತುಬಿಡು ಎಂದು ಹೇಳಬೇಕೆಂದು ಗೇಟಿನ ಹತ್ತಿರ ಕಾದೆ. ಅಷ್ಟರಲ್ಲಿ ಹೆಸರು ಕೂಗಿದರು. ಹೇಳಲಾಗಲಿಲ್ಲ.

ಸುಮ್ಮನೆ ಕೂರಲಾರೆ, ಅದಕ್ಕೆ ಬರೆಯುತ್ತಿದ್ದೇನೆ.

ದಿಬ್ಬ ಹತ್ತಿಸಿದಳು, ಒಂದಿಂಚೂ ಹಿಂದೆ ಜಾರಲಿಲ್ಲ. ರಿವರ್ಸ್ ಆಯಿತು. ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಏನೋ ಗೀಚುತ್ತಿದ್ದಾರೆ. ಈಗ ಕೊನೆಯ ಎಡ ತಿರುವು. ಮೂಲೆಯಲ್ಲಿ ಒಬ್ಬನನ್ನು ಸೈಕಲ್ ಹಿಡಿಸಿ ನಿಲ್ಲಿಸಿರುತ್ತಾರೆ, ನೋಡುತ್ತಾರೋ ಇಲ್ಲವೋ ಎಂದು. ಇಂಡಿಕೇಟರ್ ಹಾಕಿದಳು. ನಿಧಾನ ಮಾಡಿದಳು. ಪಕ್ಕದವರನ್ನು ಕೇಳಬೇಡ ತಾಯಿ, ಯಾರನ್ನೂ ಕೇಳಬೇಡ. ಕತ್ತು. ನಿನ್ನ ಕತ್ತು ತಿರುಗಿಸು. ತಿರುಗಿಸಿದಳು—