ಯಾರಿಗೆ ಫೋನ್ ಮಾಡಿದೆ ಎಂದು ಕೇಳಿದವನಿಗೆ

ವುಲ್ವರ್‌ಹ್ಯಾಂಪ್ಟನ್
ಸೆಪ್ಟೆಂಬರ್ 2009

ಜೆರೋಮ್,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ಬೇರೆ ಪದ ಸಿಗಲಿಲ್ಲ. ಬರೀ ಹೆಸರೇ ಇರಲಿ.

ಇಂಗ್ಲಿಷಿನಲ್ಲಿ ಬರೆಯಲು ಕೂತಾಗಲೆಲ್ಲ ಅದು ರೋಗಿಯ ಬಗ್ಗೆ ಬರೆದ ರಿಪೋರ್ಟಿನಂತಾಯಿತು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದನ್ನು ನಾನು ಗಟ್ಟಿಯಾಗಿ ಓದುತ್ತೇನೆ, ನನ್ನ ಮಗಳು ಶರ್ವಾಣಿ ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುತ್ತಾಳೆ. ಅವಳಿಗೆ ಕನ್ನಡ ಓದಲು ಬಾರದು, ಕೇಳಿದರೆ ಎಲ್ಲ ತಿಳಿಯುತ್ತದೆ. ಅಮ್ಮ ಕ್ರಿಕೆಟ್ಟಿನ ಕೆಲಸ ಯಾಕೆ ಬಿಟ್ಟಳು ಎನ್ನುವುದು ಅವಳಿಗೂ ಇದರಿಂದಲೇ ಗೊತ್ತಾಗಲಿ. ಇಂಗ್ಲಿಷಿನಲ್ಲಿ ಇರದ ಒಂದು ತೊಡಕು ಕನ್ನಡದಲ್ಲಿದೆ: ನಿನ್ನನ್ನು ನೀನು ಎನ್ನಲೋ ನೀವು ಎನ್ನಲೋ? ನೀವು ಎನ್ನುವಷ್ಟು ಗೌರವ ಉಳಿದಿಲ್ಲ. ನೀನು ಎನ್ನುವ ಸಲಿಗೆ ಒಂದು ಕಾಲದಲ್ಲಿ ಇತ್ತು. ಆ ಕಾಲದ ಲೆಕ್ಕದಲ್ಲೇ ಬರೆಯುತ್ತೇನೆ.

ಕಳೆದ ತಿಂಗಳು ನೀನು ಮುಂಚೆ ತಿಳಿಸದೆ ನನ್ನ ಕ್ಲಿನಿಕ್ಕಿಗೆ ಬಂದೆ. ಟೀವಿಯಲ್ಲಿ ಕಾಮೆಂಟರಿ ಹೇಳುವ ಸೌತ್ ಆಫ್ರಿಕಾದವರು ಬಂದಿದ್ದಾರೆ ಎಂದು ರಿಸೆಪ್ಷನ್ನಿನ ಹುಡುಗಿ ಉಬ್ಬಿಹೋಗಿದ್ದಳು. ನನಗೆ ಮೊದಲು ಹೊಳೆದದ್ದು, ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ನಮ್ಮಮ್ಮ ನನ್ನನ್ನು ಬೈಯುತ್ತಿದ್ದಳು. ನೀನು ಕೂತು, ಹೇಳಬೇಕಾದ್ದನ್ನು ಹೇಳಿ, ಅತ್ತು, ಕೊನೆಗೆ ಒಂದು ಒಪ್ಪಿಗೆ ಕೇಳಿದೆ. ಪೇಷಂಟ್ ಕಾಯುತ್ತಿದ್ದಾರೆ ಎಂದು ಹೇಳಿ ನಿನ್ನನ್ನು ಕಳಿಸಿಬಿಟ್ಟೆ. ಆಗ ಯಾವ ಪೇಷಂಟೂ ಇರಲಿಲ್ಲ.

ಈಗ ಉತ್ತರ ಬರೆಯುತ್ತಿದ್ದೇನೆ. ಮೊದಲಿನಿಂದ ಹೇಳದಿದ್ದರೆ ಶರ್ವಾಣಿಗೆ ಅರ್ಥವಾಗುವುದಿಲ್ಲ.

ನೀನು ನಮ್ಮ ಕೌಂಟಿ ಕ್ರಿಕೆಟ್ ತಂಡಕ್ಕೆ ಬಂದದ್ದು 1999ರ ಬೇಸಿಗೆಯಲ್ಲಿ. ಕೌಂಟಿಯ ಹೆಸರು ಬೇಡ, ನಿನಗೆ ಗೊತ್ತೇ ಇದೆ. ನಾವಾಗ ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿದ್ದೆವು. ನನ್ನ ಗಂಡ ಪುಟ್ಟಸ್ವಾಮಿ ಅಲ್ಲಿಯ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ನಾನು ವಾರದಲ್ಲಿ ಕೆಲವು ದಿನ ಕೌಂಟಿ ಮೈದಾನಕ್ಕೆ ಹೋಗಿ ಆಟಗಾರರಿಗೆ ಫಿಸಿಯೋಥೆರಪಿ ಮಾಡುತ್ತಿದ್ದೆ. ಸಂಯುಕ್ತಾ ಎನ್ನಲು ಯಾರ ನಾಲಿಗೆಯೂ ಹೊರಳದೆ ನಾನು ಎಲ್ಲರಿಗೂ ಸ್ಯಾಮ್ ಆಗಿದ್ದೆ.

ನಿನಗಿಂತ ಮೊದಲೇ ನಿನ್ನ ಬಗೆಗಿನ ಅನುಮಾನ ಬಂದಿತ್ತು. ಪಾರ್ಲ್ ಊರಿನ ಹಣ್ಣಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿಯುವ ತಾಯಿಯ ಮಗ. ಬಿಳಿಯರಲ್ಲದವರೂ ಇರಲಿ ಎಂದು ಮೈಬಣ್ಣ ನೋಡಿ ದೇಶದ ತಂಡಕ್ಕೆ ಸೇರಿಸಿಕೊಂಡಿದ್ದಾರೆ, ಬೌಲಿಂಗ್ ನೋಡಿ ಅಲ್ಲ ಎಂದು ನಿಮ್ಮ ದೇಶದ ಪತ್ರಿಕೆಗಳೇ ಬರೆದಿದ್ದವು. ಆಮೇಲೆ ನೀನು ವಿಕೆಟ್ ಮೇಲೆ ವಿಕೆಟ್ ತೆಗೆದೆ. ಹಾಗೆ ಬರೆದವರೇ ನಿನ್ನನ್ನು ಪಾರ್ಲಿನ ಸಿಡಿಲು ಎಂದರು. ನಮ್ಮ ಮೈದಾನದಲ್ಲಿ ನೀನು ಓಡಿಬರಲು ಶುರುಮಾಡಿದರೆ, ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದ ಮುದುಕರ ಕೈ ಅಲ್ಲಿಗೇ ನಿಲ್ಲುತ್ತಿತ್ತು.

ಆದರೂ ನಾನು ನಿನ್ನನ್ನು ನಂಬಿರಲಿಲ್ಲ. ಅದು ನನ್ನ ಕಸುಬು. ನೋವಿನ ವಿಷಯದಲ್ಲಿ ಆಟಗಾರರೆಲ್ಲ ಸುಳ್ಳುಗಾರರು. ನಿನ್ನ ಭುಜ ಒತ್ತಿ, ನೋಯುತ್ತಾ ಎಂದು ಕೇಳಿದಾಗ ನೀನು ಇಲ್ಲ ಎಂದು ನಗುತ್ತಿದ್ದೆ. ನಾನು ನಿನ್ನ ಕಾಲ್ಬೆರಳು ನೋಡುತ್ತಿದ್ದೆ. ಅವು ಮುದುಡಿಕೊಂಡಿರುತ್ತಿದ್ದವು. ಕಾಲ್ಬೆರಳಿನ ಗುಟ್ಟು ನಿನಗೆ ಹೇಳಿದ ದಿನದಿಂದ ನೀನು ನನ್ನ ಹತ್ತಿರ ಸುಳ್ಳು ಬಿಟ್ಟೆ, ಅಥವಾ ಬಿಟ್ಟೆ ಎಂದು ನಾನು ಅಂದುಕೊಂಡೆ. ಮೇಜಿನ ಮೇಲೆ ಬೋರಲು ಮಲಗಿ ನೀನು ನಿನ್ನ ಮನೆಯ ಸುದ್ದಿ ಹೇಳುತ್ತಿದ್ದೆ. ಅಣ್ಣ ಡೆನ್ಜಿಲ್ ಓಣಿಯಲ್ಲಿ ಟೆನಿಸ್ ಚೆಂಡಿಗೆ ಟೇಪು ಸುತ್ತಿ ನಿನಗೆ ಬೌಲಿಂಗ್ ಕಲಿಸಿದ್ದು, ನೀನು ದೊಡ್ಡವನಾದಂತೆ ಅವನು ಕುಡಿಯತೊಡಗಿದ್ದು.

ನನಗೂ ಒಬ್ಬ ತಮ್ಮನಿದ್ದಾನೆ, ಮಹೇಶ. ಮ್ಯಾಂಚೆಸ್ಟರಿನಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ನಮ್ಮ ಮನೆಯಲ್ಲಿ ಊಟ. ನೀನೆಂದರೆ ಪ್ರಾಣ ಬಿಡುತ್ತಿದ್ದ. ನೆಟ್ಸಿಗೆ ಕರೆತಂದಾಗ ನೀನು ಅವನ ಕೈ ಕುಲುಕಿದ್ದೆ, ಬಹುಶಃ ಮರೆತಿದ್ದೀಯ. ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ, “ಅಕ್ಕ, ನಿನ್ ಜೆರೋಮ್ ಭುಜ ಹೆಂಗಿದೆ?” ಎಂದು ಕೇಳುತ್ತಿದ್ದ. ಆಗ ಅದು ಅಭಿಮಾನಿಯ ಮಾತು. ಕೆಲವು ತಿಂಗಳ ಮೇಲೆ ಅದೇ ಮಾತು ಬೇರೆ ಥರ ಕೇಳಿಸತೊಡಗಿತು.

2000ದ ಏಪ್ರಿಲ್‌ನಲ್ಲಿ ಮೋಸದಾಟದ ಹಗರಣ ಒಡೆಯಿತು. ಭಾರತದ ಬುಕ್ಕಿಗಳು, ಪೊಲೀಸರು ಕದ್ದು ಕೇಳಿದ ಫೋನು, ನಿಮ್ಮ ದೇಶದ ಆಟಗಾರರು. ನಮ್ಮ ಡ್ರೆಸಿಂಗ್ ರೂಮಿನಲ್ಲಿ ನೀನೊಬ್ಬನೇ ಸೌತ್ ಆಫ್ರಿಕಾದವನು, ನಾನೊಬ್ಬಳೇ ಭಾರತದವಳು. ನನ್ನ ಮೊಬೈಲ್ ರಿಂಗಾದರೆ ಯಾರೋ ಒಬ್ಬರು, “ಸ್ಯಾಮ್, ಬಾಂಬೆಯಿಂದಾ?” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನೀನು ನಗುತ್ತಿರಲಿಲ್ಲ. ನಿನ್ನ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಅದರಿಂದಲೇ.

ಆ ಬೇಸಿಗೆಯಲ್ಲಿ ನಿನ್ನ ಬಲ ಭುಜದ ಸ್ನಾಯು ಹರಿಯತೊಡಗಿತು. ಕಪ್ ಪಂದ್ಯಾವಳಿಯ ಸೆಮಿಫೈನಲ್ ಹತ್ತಿರವಿತ್ತು. ನೀನು, ನಾನು, ಕ್ಯಾಪ್ಟನ್, ಕ್ಲಬ್ಬಿನ ಡಾಕ್ಟರು, ನಾಲ್ವರೇ ಕೂತು ಮಾತಾಡಿದೆವು. ಮೊದಲ ಕೆಲವು ಓವರ್ ಮಾತ್ರ ಹಾಕಿಸಿ ನಿನ್ನನ್ನು ಒಳಗೆ ಕರೆಸಿಕೊಳ್ಳುವುದು, ಎದುರಾಳಿಗಳಿಗೆ ಸುಳಿವು ಕೊಡಬಾರದು ಎಂದಾಯಿತು. ಪಂದ್ಯದ ಹಿಂದಿನ ಶುಕ್ರವಾರ ಕ್ಯಾಪ್ಟನ್ ನಮ್ಮ ಮನೆಗೆ ಫೋನ್ ಮಾಡಿ ಅದನ್ನೇ ಇನ್ನೊಮ್ಮೆ ಖಚಿತ ಮಾಡಿಕೊಂಡ. ನಾನು ನಡುಮನೆಯಲ್ಲಿ ನಿಂತು ಮಾತಾಡಿದೆ. ಆ ವಾರ ಒಂದು ದಿನ ಮುಂಚೆಯೇ ಬಂದಿದ್ದ ಮಹೇಶ ಪಕ್ಕದ ಕೋಣೆಯಲ್ಲಿ ಟೀವಿ ನೋಡುತ್ತಿದ್ದ.

ಪಂದ್ಯದಲ್ಲಿ ನೀನು ನಾಲ್ಕು ಓವರ್ ಹಾಕಿದೆ. ಎರಡು ವಿಕೆಟ್ ಬಿದ್ದವು. ಭುಜ ಹಿಡಿದುಕೊಂಡು ಹೊರಬಂದೆ, ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮುಂದಿನ ವಾರ ಪತ್ರಿಕೆಯಲ್ಲಿ ಸುದ್ದಿ: ಜೆರೋಮ್ ಅರೆಂಡ್ಸೆ ತನ್ನ ಓವರ್ ಪೂರ್ತಿ ಹಾಕುವುದಿಲ್ಲ ಎಂದು ಯಾರೋ ಮುಂಚೆಯೇ ದೊಡ್ಡ ಬಾಜಿ ಕಟ್ಟಿದ್ದಾರೆ, ಮಾಹಿತಿ ಒಳಗಿನಿಂದ ಹೊರದೇಶಕ್ಕೆ ಹೋಗಿದೆ. ಹೊರದೇಶವೆಂದರೆ ಆ ವರ್ಷ ಎಲ್ಲರಿಗೂ ಒಂದೇ ದೇಶ.

ಕಮಿಟಿ ಕೋಣೆ ನೆನಪಿದೆಯಲ್ಲ? ನಾವು ನಾಲ್ವರು, ಎದುರಿಗೆ ಸೆಕ್ರೆಟರಿ. ಈ ವಿಷಯ ಯಾರ ಬಾಯಿಂದ ಹೋಗಿರಬಹುದು ಎಂದು ಅವರು ಎಲ್ಲರನ್ನೂ ಕೇಳಿದರು. ಕ್ಯಾಪ್ಟನ್ ಕಿಟಕಿ ನೋಡಿದ, ಡಾಕ್ಟರು ತಮ್ಮ ಕೈ ನೋಡಿಕೊಂಡರು. ನೀನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದೆ: “ಸ್ಯಾಮ್, ಯಾರಿಗೆ ಫೋನ್ ಮಾಡಿದೆ?”

ಫೋನ್ ಮಾಡಿದೆಯಾ ಎಂದಲ್ಲ, ಯಾರಿಗೆ ಮಾಡಿದೆ ಎಂದು. ತೀರ್ಪು ಪ್ರಶ್ನೆಯ ಒಳಗೇ ಇತ್ತು. ಯಾರಿಗೂ ಮಾಡಿಲ್ಲ ಎಂದೆ. ಬೆಳಗಿನಿಂದ ನೀರು ಕುಡಿಯದವಳಂತೆ ನನ್ನ ದನಿ ಒಡೆದಿತ್ತು. ಅದೂ ನನ್ನ ವಿರುದ್ಧದ ಸಾಕ್ಷಿಯೇ ಆಯಿತು.

ಯಾರೂ ನನ್ನನ್ನು ಕಳ್ಳಿ ಎನ್ನಲಿಲ್ಲ. ಆ ವರ್ಷದ ಕ್ರಿಕೆಟ್ ಋತು ಮುಗಿದ ಮೇಲೆ ಕ್ಲಬ್ಬಿನವರು ನನ್ನ ಕೆಲಸ ಮುಂದುವರಿಸಲಿಲ್ಲ, ಅಷ್ಟೇ. ದೀಪಾವಳಿಗೆ ಕನ್ನಡದವರೆಲ್ಲ ಸೇರಿದಾಗ ಡಾಕ್ಟರೊಬ್ಬರ ಹೆಂಡತಿ ರತ್ನಮ್ಮ ನನ್ನ ತಟ್ಟೆಗೆ ಚಿರೋಟಿ ಹಾಕುತ್ತಾ, “ಬುಕ್ಕಿಗಳು ಮನೆಗೇ ಫೋನ್ ಮಾಡ್ತಿದ್ರಂತೆ, ನಿಜಾನೇನ್ರೀ?” ಎಂದರು. ಮರುವರ್ಷವೇ ನನ್ನ ಗಂಡ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಗೆ ಕೆಲಸ ಬದಲಿಸಿಕೊಂಡರು.

ಆದರೆ ಅದಲ್ಲ ದೊಡ್ಡ ನಷ್ಟ. ಕಮಿಟಿ ಕೋಣೆಯಿಂದ ಮನೆಗೆ ಬಂದ ಸಂಜೆ ಇವರು ನನ್ನನ್ನು ಕೇಳಿದ್ದು, “ಮಹೇಶನ ಹತ್ರ ಏನಾದ್ರೂ ಬಾಯಿ ಬಿಟ್ಟಿದ್ಯಾ?” ಇಲ್ಲ ಎಂದೆ. “ಶುಕ್ರವಾರ ಅವನು ಇಲ್ಲೇ ಇದ್ದ” ಎಂದರು. ಆ ಶನಿವಾರ ಮಹೇಶ ಬಂದಾಗ ಉಪ್ಪಿಟ್ಟು ಬಡಿಸಿದ್ದೆ. ಇವರು ತಲೆ ಎತ್ತದೆ, “ಸ್ವಲ್ಪ ದಿನ ಈ ಕಡೆ ಬರಬೇಡಪ್ಪ” ಎಂದರು. ಅವನು ನನ್ನ ಮುಖ ನೋಡಿದ. ನಾನು ಸಿಂಕಿನ ಮುಂದೆ ನಿಂತು, ತೊಳೆದ ಲೋಟವನ್ನೇ ತೊಳೆಯುತ್ತಿದ್ದೆ. ಅವನು ಶೂ ಹಾಕಿಕೊಂಡು ಹೊರಟ. ನಮ್ಮ ಕಡೆ ನಾಗರಪಂಚಮಿಯ ದಿನ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಬೆನ್ನಿಗೆ ಹೂವಿನಿಂದ ಹಾಲು ಸವರಿ ಒಳ್ಳೆಯದಾಗಲಿ ಎನ್ನುತ್ತಾರೆ. ಆ ವರ್ಷ ಅವನು ಬರಲಿಲ್ಲ. ಆಮೇಲೆ ಹಬ್ಬಕ್ಕೊಂದು ಫೋನು, ಆರೋಗ್ಯವೇ, ಆರೋಗ್ಯ. ಅವನ ಮದುವೆ ಮೈಸೂರಿನಲ್ಲಿ ಆದಾಗ ಇವರಿಗೆ ರಜೆ ಸಿಗಲಿಲ್ಲ ಎಂಬ ನೆಪ ಹೇಳಿ ಹೋಗಲಿಲ್ಲ.

ನೀನು ಮಾತ್ರ ಏರುತ್ತಲೇ ಹೋದೆ. ಭುಜದ ಆಪರೇಷನ್ ಆಯಿತು, ಇವನ ಕಥೆ ಮುಗಿಯಿತು ಎಂದರು. ಓಟ ಚಿಕ್ಕದು ಮಾಡಿಕೊಂಡು, ವೇಗ ಹೋದಲ್ಲಿ ಚೆಂಡು ಸ್ವಿಂಗ್ ಮಾಡುವುದನ್ನು ಕಲಿತು ಮರಳಿದೆ. 2003ರಲ್ಲಿ ನಿಮ್ಮ ದೇಶದ ತಂಡದ ಜೊತೆ ನೀನು ಲೀಡ್ಸಿಗೆ ಟೆಸ್ಟ್ ಆಡಲು ಬಂದಾಗ ನಾನು ಮನೆಯಲ್ಲಿ ಹೇಳದೆ ರೈಲು ಹತ್ತಿದೆ. ಅಲ್ಲಿಯ ಹೆಡಿಂಗ್ಲೀ ಮೈದಾನದ ಸ್ಟ್ಯಾಂಡಿನಲ್ಲಿ ಬೌಂಡರಿ ಹಗ್ಗದ ಹತ್ತಿರವೇ ಕೂತಿದ್ದೆ. ನಿನ್ನ ಬೌಲಿಂಗ್ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಓವರ್ ಮುಗಿಸಿ ನೀನು ನಮ್ಮ ಕಡೆಗೇ ಫೀಲ್ಡಿಂಗಿಗೆ ಬಂದೆ. ಹುಡುಗರಿಗೆ ಸಹಿ ಹಾಕುತ್ತಾ ತಲೆ ಎತ್ತಿದವನು ನನ್ನನ್ನು ನೋಡಿದೆ. ಪೆನ್ನು ಹಾಗೇ ವಾಪಸು ಕೊಟ್ಟು ತಿರುಗಿ ನಿಂತೆ. ನಾನು ತಪ್ಪು ಮಾಡಿದೆ ಎಂದು ನಂಬಿದ್ದರೆ ನೀನು ನನ್ನನ್ನು ಕೆಕ್ಕರಿಸಿ ನೋಡಬೇಕಿತ್ತು. ಮುಖ ಯಾಕೆ ತಿರುಗಿಸಿದೆ? ಲಂಚ್ ಆಗುವ ಮೊದಲೇ ನಾನು ಎದ್ದು ಬಂದೆ. ಆ ದಿನದಿಂದ ನನ್ನ ಅನುಮಾನ ಮಹೇಶನನ್ನು ಅರ್ಧ ಬಿಟ್ಟು ನಿನ್ನನ್ನು ಅರ್ಧ ಹಿಡಿಯಿತು.

ಕಳೆದ ತಿಂಗಳು ನೀನು ಹೇಳಿದೆ: ಸೆಮಿಫೈನಲ್ಲಿಗೆ ಮುಂಚೆ ಡೆನ್ಜಿಲ್ ಊರಿನಿಂದ ಫೋನ್ ಮಾಡಿದ್ದ, ಭುಜ ಹೇಗಿದೆ ಎಂದು ಕೇಳಿದ, ನಾಲ್ಕೇ ಓವರ್ ಎಂದು ನೀನು ಹೇಳಿಬಿಟ್ಟೆ. ಅವನು ಅದನ್ನು ಹೆಂಡದಂಗಡಿಯ ಗೆಳೆಯನಿಗೆ ಮಾರಿಕೊಂಡ. ಪತ್ರಿಕೆ ನೋಡಿದ ಕೂಡಲೇ ನಿನಗೆ ಗೊತ್ತಾಯಿತು. ಅಣ್ಣನನ್ನು ಉಳಿಸಲು ನನ್ನ ಕಡೆ ತಿರುಗಿದೆ. ಕೋಣೆಯಲ್ಲಿ ಎಲ್ಲರ ಮನಸ್ಸೂ ಆಗಲೇ ನನ್ನ ಕಡೆ ಇತ್ತು, ನೀನು ಒಂದು ಮಾತು ಸೇರಿಸಿದೆ, ಅಷ್ಟೇ.

ಅಂದರೆ ನೀನು ನನ್ನನ್ನು ಅನುಮಾನಿಸಿಯೂ ಇರಲಿಲ್ಲ. ಅನುಮಾನಿಸಿದ್ದರೆ ಕ್ಷಮಿಸಬಹುದಿತ್ತು, ನಾನೂ ಅದೇ ಜಾತಿಯವಳು.

ಡೆನ್ಜಿಲ್ ಹೋದ ವರ್ಷ ತೀರಿಕೊಂಡನಂತೆ. ನೀನು ಆತ್ಮಕಥೆ ಬರೆಯುತ್ತಿದ್ದೀಯಂತೆ, ಇದನ್ನೂ ಅದರಲ್ಲಿ ಹಾಕಲು ನನ್ನ ಒಪ್ಪಿಗೆ ಬೇಕಂತೆ. ನಿನ್ನ ಕಣ್ಣೀರು ನೋಡುತ್ತಾ ನನಗೆ ಅನಿಸಿದ್ದು ಹೇಳಲೇ? ಸತ್ತವನು ಇಲ್ಲ ಎನ್ನಲಾರ. ಪುಸ್ತಕ ಬರುವ ಹೊತ್ತಿಗೇ ನಿನ್ನ ಮನಸ್ಸಾಕ್ಷಿ ಎಚ್ಚರವಾಗಿದೆ. ಬಾಜಿ ಕಟ್ಟಿದವರಲ್ಲಿ ನೀನೂ ಇದ್ದೆಯೋ ಏನೋ. ನಿನ್ನ ಕಾಲು ನೋಡಿದೆ. ಬೂಟು ಹಾಕಿದ್ದೆ.

ನಿನ್ನನ್ನು ಕಳಿಸಿದ ಮೇಲೆ ಬಂದ ಭಾನುವಾರ ಮ್ಯಾಂಚೆಸ್ಟರಿಗೆ ಹೋದೆ. ಇವರೂ ಬರುತ್ತೇನೆ ಎಂದರು, ಬೇಡ ಎಂದೆ. ಮಹೇಶನ ಕೂದಲು ನೆರೆತಿದೆ. ಅವನ ಹೆಂಡತಿ ಮಾಳವಿಕಾ, ನಾನು ಫೋಟೋದಲ್ಲಿ ಮಾತ್ರ ನೋಡಿದ್ದವಳು, ನನಗೆ ಅತಿಥಿಗೆ ಕೊಡುವ ಕಪ್ಪಿನಲ್ಲಿ ಕಾಫಿ ತಂದಳು. ನೀನು ಹೇಳಿದ್ದೆಲ್ಲ ಹೇಳಿದೆ. ಅವನು ಸಿಟ್ಟಾಗುತ್ತಾನೆ, ಇಲ್ಲವೇ ಅಳುತ್ತಾನೆ ಎಂದುಕೊಂಡಿದ್ದೆ. ಅವನು ಸುಮ್ಮನೆ ಕೇಳಿಸಿಕೊಂಡು ಹೇಳಿದ:

“ಭಾವ ಅನುಮಾನ ಪಟ್ರು, ಅದು ಬಿಡು ಅಕ್ಕ. ನೀನು ಒಂದ್ಸಲ ಕೇಳ್ಬೋದಿತ್ತು. ಕೇಳಿದ್ರೆ ಇಲ್ಲ ಅಂತಿದ್ದೆ. ಕೇಳ್ದೇ ಇದ್ದೋರಿಗೆ ಏನಂತ ಉತ್ತರ ಕೊಡ್ಲಿ?”

ಅವನು ಎದ್ದು ಕಿಟಕಿ ತೆರೆದ. ಮಾಳವಿಕಾ ಊಟಕ್ಕೆ ಇರಿ ಎಂದಳು, ಇದ್ದೆ. ಅವನು ತಾನೇ ಬಡಿಸಿದ. ಹೊರಡುವಾಗ ಕಾರಿನ ತನಕ ಬಂದ, ಮುಂದಿನ ಸಲ ಭಾವನನ್ನೂ ಕರೆದುಕೊಂಡು ಬಾ ಎನ್ನಲಿಲ್ಲ. ಎಲ್ಲ ಸರಿಹೋಯಿತು ಎಂದು ಬರೆದರೆ ಅದು ನಿನ್ನ ಪುಸ್ತಕಕ್ಕೆ ಚೆನ್ನಾಗಿರುತ್ತದೆ, ನಿಜ ಆಗಿರುವುದಿಲ್ಲ.

ಒಪ್ಪಿಗೆ ಕೊಡುತ್ತೇನೆ, ಬರೆ. ಸ್ಯಾಮ್ ಎಂದಾಗಲಿ, ಭಾರತೀಯ ಫಿಸಿಯೋ ಎಂದಾಗಲಿ ಬರೆಯಬೇಡ. ಪೂರ್ತಿ ಹೆಸರು ಬರೆ, ಕಾಗುಣಿತ ಶರ್ವಾಣಿ ಕೊಡುತ್ತಾಳೆ. ಅದು ಅಚ್ಚಾಗುವ ಮೊದಲು ಮಹೇಶನಿಗೆ ನೀನೇ ಫೋನ್ ಮಾಡಿ ಹೇಳು. ಅವನ ನಂಬರ್ ಕೆಳಗಿದೆ.

ಇನ್ನೊಂದು ಉಳಿಯಿತು. ತಮ್ಮನನ್ನು ಕೇಳದೆ ಕಳೆದುಕೊಂಡೆ, ನಿನ್ನನ್ನು ಕೇಳಿಯೇಬಿಡುತ್ತೇನೆ. ಆ ದಿನ ಡೆನ್ಜಿಲ್‌ಗೆ ಹೇಳುವಾಗ, ಅವನು ಅದನ್ನು ಏನು ಮಾಡುತ್ತಾನೆ ಎಂದು ನಿನಗೆ ಗೊತ್ತಿತ್ತೇ? ವಕೀಲರನ್ನೂ ಪ್ರಕಾಶಕರನ್ನೂ ಕೇಳದೆ ಹೌದು ಅಥವಾ ಇಲ್ಲ ಎಂದು ಬರೆ. ಹೌದು ಎಂದರೆ ನಮ್ಮ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಇಲ್ಲ ಎಂದರೆ ನಂಬುತ್ತೇನೆ. ನಂಬಿ ನನಗೆ ಅಭ್ಯಾಸವಿಲ್ಲ, ಆದರೂ ನಂಬುತ್ತೇನೆ.

ಪಾರ್ಲಿನಲ್ಲಿರುವ ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಒಬ್ಬ ಮಗನನ್ನು ಮಣ್ಣಿಗೆ ಕೊಟ್ಟ ಆ ತಾಯಿಗೆ ಉಳಿದ ಮಗ ಒಳ್ಳೆಯವನಾಗಿಯೇ ಉಳಿಯಲಿ.

ಉತ್ತರಕ್ಕೆ ಕಾದಿರುವ,
ಸಂಯುಕ್ತಾ ಪುಟ್ಟಸ್ವಾಮಿ